ವಿಷ್ಣುಕ್ರಾಂತಿ ಸಸಿ: ಗಿಡ ಅಸಲಿ, ಮಣ್ಣೇ ತಪ್ಪು

ಗಣಪತಿ ಹಬ್ಬ ಹತ್ತಿರ ಬಂತೆಂದರೆ ಕೊಪ್ಪಳದ ನರ್ಸರಿಗಳಲ್ಲಿ ವಿಷ್ಣುಕ್ರಾಂತಿ ಕೇಳುವವರು ಜಾಸ್ತಿ, ಇಪ್ಪತ್ತೊಂದು ಪತ್ರೆಗಳಲ್ಲಿ ಇದೂ ಸೇರಿದೆಯಲ್ಲ. ಊರ ಹೊರಗಿನ ಈ ನರ್ಸರಿ ಕಪ್ಪು ಚೀಲದಲ್ಲಿ ಮಾರುತ್ತಿರುವುದು ಅಸಲಿ ಗಿಡವೇ, ಸಸ್ಯಶಾಸ್ತ್ರದ ಹೆಸರು ಇವಾಲ್ವುಲಸ್ ಅಲ್ಸಿನಾಯ್ಡಿಸ್. ಅಷ್ಟರ ಮಟ್ಟಿಗೆ ಶಹಬ್ಬಾಸ್ ಅನ್ನಬೇಕು. ಯಾಕೆಂದರೆ ಬ್ರೆಜಿಲ್ ಮೂಲದ ಅಲಂಕಾರದ ಗಿಡ ಬ್ಲೂ ಡೇಜ್ ಅನ್ನೇ ಈ ಹೆಸರಲ್ಲಿ ದಾಟಿಸುವವರಿದ್ದಾರೆ.

ಗುರುತು ಹಿಡಿಯುವುದು ಕಷ್ಟವಲ್ಲ. ಬ್ಲೂ ಡೇಜ್ ಹೂವು ಸುಮಾರು ಒಂದಿಂಚು ಅಗಲ, ಕಡು ನೀಲಿ, ಕುಡಿಯ ತುದಿಯಲ್ಲಿ ಗುಂಪಾಗಿ ಬರುತ್ತದೆ. ನಮ್ಮದು ಒಂದು ಸೆಂಟಿಮೀಟರ್ ಮುಟ್ಟಿದರೆ ಹೆಚ್ಚು. ತಿಳಿನೀಲಿ ಬಣ್ಣ, ಎಲೆಯ ಕಂಕುಳಿಂದ ಹೊರಟ ದಾರದಂಥ ತೊಟ್ಟಿನ ತುದಿಗೆ ಒಂದೋ ಎರಡೋ ಹೂವು. ಕಾಂಡದ ಮೇಲೆ ರೇಷ್ಮೆಯಂಥ ಬಿಳಿ ರೋಮ. ನೆಲಕ್ಕೆ ಹರಡುತ್ತದೆಯೇ ಹೊರತು ಬಳ್ಳಿಯ ಹಾಗೆ ಸುತ್ತುವುದಿಲ್ಲ. ಸುತ್ತಿಕೊಂಡು ಹತ್ತುತ್ತಿದ್ದರೆ ಅದು ಶಂಖಪುಷ್ಪ. ನೋಡಲು ಬೆಳಿಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಹೂವು ಮುಚ್ಚಿರುತ್ತದೆ. ಸಂಜೆ ಕೊಂಡು ಹೋಗಿ "ಹೂವೇ ಇಲ್ಲ" ಎಂದು ಜಗಳ ತೆಗೆಯುವುದು ಅನ್ಯಾಯ.

ಇನ್ನು ತಕರಾರು. ಚೀಲದಲ್ಲಿರುವುದು ಎರೆ ಮಣ್ಣು (ಜಿಗುಟು ಕಪ್ಪು ಮಣ್ಣು), ಕೊಕೊಪಿಟ್ (ತೆಂಗಿನ ನಾರಿನ ಪುಡಿ), ಧಾರಾಳ ಗೊಬ್ಬರ. ಆನೆಗುಂದಿಯ ಬಂಡೆಗಳ ನಡುವಿನ ಗರಸು ನೆಲದಲ್ಲಿ, ದನ ಮೇಯುವ ಮಸಾರಿ (ಕೆಂಪು ಮಣ್ಣು) ಬೀಳಿನಲ್ಲಿ ತಾನಾಗಿ ಬೆಳೆಯುವ ಗಿಡಕ್ಕೆ ಇದು ಉಪಚಾರವಲ್ಲ, ಉಪದ್ರವ. ಎರೆ ಮಣ್ಣು ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ. ಮೊದಲು ಕೆಳಗಿನ ಎಲೆ ಹಳದಿಯಾಗುತ್ತದೆ, ಆಮೇಲೆ ಬುಡದ ಹತ್ತಿರ ಕಾಂಡ ಕಪ್ಪಾಗುತ್ತದೆ. ಅದನ್ನು ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಹಾಕಿದರೆ ಗಿಡದ ಕಥೆ ಮುಗಿಯಿತು. ಗೊಬ್ಬರ ಹೆಚ್ಚಾದರೆ ಸೊಪ್ಪು ಮಾತ್ರ, ಹೂವು ಕಡಿಮೆ.

ಹಾಗಾಗಿ ತಂದ ವಾರದೊಳಗೆ ಕುಂಡ ಬದಲಿಸಿ. ಎಂಟಿಂಚು ಅಗಲದ ಮಣ್ಣಿನ ಕುಂಡ, ತಳದ ತೂತಿನ ಮೇಲೆ ಹೆಂಚಿನ ಚೂರು. ಎರಡು ಪಾಲು ಮಸಾರಿ, ಒಂದು ಪಾಲು ದಪ್ಪ ಮರಳು, ಒಂದು ಹಿಡಿ ಎರೆಹುಳು ಗೊಬ್ಬರ, ಇಷ್ಟೇ ಸಾಕು. ಬೇರಿನ ಸುತ್ತಲ ಮಣ್ಣನ್ನು ಅರ್ಧದಷ್ಟು ಮಾತ್ರ ಉದುರಿಸಿ. ಗಟ್ಟಿಯಾದ ತಾಯಿಬೇರು ಮುರಿದರೆ ಗಿಡ ಚೇತರಿಸಿಕೊಳ್ಳುವುದು ಕಷ್ಟ. ಎರಡು ದಿನ ನೆರಳು, ನಂತರ ಪೂರ್ತಿ ಬಿಸಿಲು. ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು.

ಕಾಡಿನಿಂದ ಕಿತ್ತು ತಂದು ಚೀಲಕ್ಕೆ ತುರುಕಿದ ಗಿಡಗಳೂ ಒಂದೆರಡು ಸಾಲಿನಲ್ಲಿದ್ದವು. ಬುಡ ದಪ್ಪಗಿದ್ದು, ಚೀಲ ಅಲುಗಿಸಿದರೆ ಗಿಡವೂ ಸಡಿಲವಾಗಿ ಅಲುಗಿದರೆ ಅಂಥದ್ದನ್ನು ಬಿಡಿ. ತೀರಾ ಚಿಕ್ಕ ಸಸಿಯನ್ನೇ ಆರಿಸಿ.

ಐದಕ್ಕೆ ಮೂರು ಅಂಕ. ಬೀಜದ ಪೊಟ್ಟಣವನ್ನೂ ಇಟ್ಟಿದ್ದಾರೆ, ಆದರೆ ಸಿಪ್ಪೆ ಗಟ್ಟಿ ಎಂಬುದನ್ನು ಅದರ ಮೇಲೆ ಬರೆದಿಲ್ಲ. ಉಪ್ಪುಕಾಗದದ ಮೇಲೆ ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ನೆನೆಸಿ, ಅರ್ಧ ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗದಂತೆ ಬಿತ್ತಿ.