ಹಸಿರು ಟಿಕ್, ಜಿಟಿಎಕ್ಸ್ 1650 ಮತ್ತು ವಿಜಯಪುರದ ಬೇಸಿಗೆ

ಹಸಿರು ಟಿಕ್ ನೋಡಿ ಗೇಮ್ ಕೊಳ್ಳಬೇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಈ ಗೇಮ್ ಓಡುತ್ತದೋ ಇಲ್ಲವೋ ಅಂತ ಹೇಳುವ ಸೈಟುಗಳು ಗ್ರಾಫಿಕ್ಸ್ ಕಾರ್ಡಿನ (ಪರದೆಗೆ ಚಿತ್ರ ಬಿಡಿಸುವ ಭಾಗ) ಹೆಸರು, ರ್‍ಯಾಮ್ ಎಷ್ಟಿದೆ ಅಂತ ನೋಡಿ ತೀರ್ಪು ಕೊಟ್ಟುಬಿಡುತ್ತವೆ. ರೆಡ್ ಡೆಡ್ ರಿಡೆಂಪ್ಶನ್ 2 ಅನ್ನುವ ಗೇಮ್ ಕನಿಷ್ಠ ಕೇಳುವುದು ಜಿಟಿಎಕ್ಸ್ 770 ಕಾರ್ಡು, 8 ಜಿಬಿ ರ್‍ಯಾಮ್. ನನ್ನದು ಜಿಟಿಎಕ್ಸ್ 1650, 8 ಜಿಬಿ. ಟಿಕ್ ಬಿತ್ತು. ಆದರೆ ಆ 8 ಜಿಬಿ ಒಂದೇ ಸ್ಟಿಕ್ (ರ್‍ಯಾಮ್ ಪಟ್ಟಿ) ಅನ್ನುವುದು, ಅಸೆಂಬಲ್ ಮಾಡಿದ ಅಂಗಡಿಯವರು ಚೆಂದಕ್ಕೆ ಅಂತ ಮುಂದೆ ಪೂರ್ತಿ ಗಾಜಿನ ಕ್ಯಾಬಿನೆಟ್ ಕೊಟ್ಟಿದ್ದು, ಊರು ವಿಜಯಪುರ ಅನ್ನುವುದು ಯಾವ ಸೈಟಿಗೆ ಗೊತ್ತಾಗಬೇಕು?

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಆಡಿ ನೋಡೋಣ ಬಿಡು ಅನ್ನಿಸುತ್ತದೆ, ಅಲ್ವಾ? ಈ ಗೇಮ್ ಶುರುವಾಗುವುದೇ ಹಿಮದ ಬೆಟ್ಟದಲ್ಲಿ. ಊರಿಲ್ಲ, ಜನಜಂಗುಳಿ ಇಲ್ಲ. ಆ ಎರಡು ಗಂಟೆ ಸಲೀಸಾಗಿ ಕಳೆಯುತ್ತದೆ. ಕಾರ್ಡಿನ ಬಂಡವಾಳ ಬಯಲಾಗುವುದು ಗೇಮಿನೊಳಗಿನ ಜನಜಂಗುಳಿಯ ಸೇಂಟ್ ಡೆನಿಸ್ ಪಟ್ಟಣಕ್ಕೆ ಕಾಲಿಟ್ಟಾಗ. ಅಷ್ಟರಲ್ಲಿ ವಾಪಸ್ ಕೇಳುವ ಗಡುವು ಮುಗಿದು ಎಷ್ಟೋ ದಿನವಾಗಿರುತ್ತದೆ. ನನ್ನ ಕುದುರೆ ಅಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆ ಜಿಗಿಯುತ್ತಿತ್ತು.

ಅದರ ಮೇಲೆ ಏಪ್ರಿಲ್ ಬಂತು. ಹೊರಗೆ 40 ಡಿಗ್ರಿ ದಾಟಿದ ಮಧ್ಯಾಹ್ನ, ನನ್ನದು ತಾರಸಿಯ ಕೆಳಗಿನ ಕೋಣೆ. ಕಾರ್ಡು 84 ಡಿಗ್ರಿ ತೋರಿಸಿತು, ತಾನಾಗಿಯೇ ವೇಗ ಇಳಿಸಿಕೊಂಡಿತು. ಫ್ಯಾನಿನ ಸದ್ದಿಗೆ ಅವ್ವ ಅಡುಗೆಮನೆಯಿಂದ ಎದ್ದು ಬಂದು ನೋಡಿದಳು.

ಮಾರಿಬಿಡುವ ಮನಸ್ಸಾಗಿತ್ತು. ಮೊದಲು ಇನ್ನೊಂದು 8 ಜಿಬಿ ಸ್ಟಿಕ್ ಹಾಕಿಸಿದೆ. ಡ್ಯುಯಲ್ ಚಾನೆಲ್ ಆಯಿತು, ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡತೊಡಗಿದವು, ಆ ಜಿಗಿತ ಮುಕ್ಕಾಲು ಪಾಲು ಹೋಯಿತು. ಗಾಳಿ ಒಳಗೆ ಹೋಗಲಿ ಅಂತ ಮುಂದಿನ ಗಾಜು ಬಿಚ್ಚಿ ಅಟ್ಟಕ್ಕೆ ಹಾಕಿ, ಅಲ್ಲಿಗೆ ತೆಳು ಜಾಳಿಗೆ ಕಟ್ಟಿದೆ. ಈಗ ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಕ್ಯಾಬಿನೆಟ್ ಹೊರಗೆ ಕಟ್ಟೆಗೆ ತರುತ್ತೇನೆ. ಫ್ಯಾನ್ ತಿರುಗದಂತೆ ರೆಕ್ಕೆಗೆ ಬೆರಳು ಒತ್ತಿ ಹಿಡಿದು, ಅರ್ಧ ಇಂಚಿನ ಪೇಂಟ್ ಬ್ರಷ್‌ನಿಂದ ಒಂದೊಂದೇ ರೆಕ್ಕೆ ಒರೆಸುವುದು. ಜಾಳಿಗೆಯ ಧೂಳು ಕಂಬಳಿ ತುಂಡಿನ ಹಾಗೆ ಇಡಿಯಾಗಿ ಕಳಚಿ ಬರುತ್ತದೆ. ಸುಮ್ನೆ ಹೇಳುತ್ತಿಲ್ಲ, ಗೇಮ್‌ಗಿಂತ ಇದೇ ಜಾಸ್ತಿ ಮಜಾ ಅನ್ನಿಸಿದ್ದುಂಟು.

ಸೆಟ್ಟಿಂಗ್ ಕೇಳುವವರಿಗೆ: ಟೆಕ್ಸ್ಚರ್ (ವಸ್ತುಗಳ ಮೈಮೇಲಿನ ವಿವರ) ಅಲ್ಟ್ರಾದಲ್ಲೇ, ಅಂದರೆ ತೀರಾ ಮೇಲೆ ಇಡಿ, ಇಳಿಸಿದರೆ ಎಲ್ಲ ಮಸುಕು. 1080ಪಿ (ಫುಲ್ ಎಚ್‌ಡಿ) ಪರದೆಯಲ್ಲಿ 4 ಜಿಬಿ ಮೆಮೊರಿಯ ಕಾರ್ಡಿನಲ್ಲಿ ಅದು ಹಿಡಿಯುತ್ತದೆ. ವಾಟರ್ ಫಿಸಿಕ್ಸ್ (ನೀರಿನ ಚಲನೆ) ತೀರಾ ಕೆಳಗೆ, ಎಂಎಸ್‌ಎಎ (ಅಂಚು ನಯ ಮಾಡುವುದು) ಬಂದ್. ಸೆಕೆಂಡಿಗೆ ಬಯಲಲ್ಲಿ 45ರ ಆಸುಪಾಸು, ಪಟ್ಟಣದಲ್ಲಿ 35 ಫ್ರೇಮ್ (ಚಿತ್ರ) ಬರುತ್ತದೆ. ನನಗೆ ಸಾಕು. 60 ಇಲ್ಲದಿದ್ದರೆ ಆಗುವುದಿಲ್ಲ ಅನ್ನುವವರು ಈ ಕಾರ್ಡಿನ ತಂಟೆಗೆ ಬರಬೇಡಿ.

ಹೊಸದಾಗಿ ಕೊಳ್ಳುವವರು 150 ಜಿಬಿ ಜಾಗ ಮಾಡಿಕೊಳ್ಳಿ. ಕಥೆ ಶುರು ಮಾಡುವ ಮೊದಲೇ ಗ್ರಾಫಿಕ್ಸ್ ಮೆನುವಿನಲ್ಲಿರುವ ಬೆಂಚ್‌ಮಾರ್ಕ್ (ವೇಗದ ಪರೀಕ್ಷೆ) ಓಡಿಸಿ, ಗಡುವು ಇನ್ನೂ ಕೈಯಲ್ಲಿರುತ್ತದೆ. ಸರಾಸರಿ ಬಿಡಿ, ಕನಿಷ್ಠ ಫ್ರೇಮ್ ಎಷ್ಟು ನೋಡಿ. ಅದೂ ಮಧ್ಯಾಹ್ನ ಎರಡಕ್ಕೆ, ರಾತ್ರಿಯಲ್ಲ.

ದೊಡ್ಡ ಕಾರ್ಡು ಹಾಕು ಅಂತ ಗೆಳೆಯರು ಹೇಳುತ್ತಲೇ ಇದ್ದಾರೆ. 1650ಕ್ಕೆ 75 ವ್ಯಾಟ್ ಸಾಕು, ನನ್ನ ಕಾರ್ಡಿಗೆ ಬೇರೆ ಪವರ್ ಕೇಬಲ್ಲೂ ಬೇಡ. ದೊಡ್ಡದು ತಂದರೆ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಬದಲಿಸಬೇಕು, ಯುಪಿಎಸ್ ಬದಲಿಸಬೇಕು, ಕೋಣೆ ಇನ್ನಷ್ಟು ಬಿಸಿಯಾಗುತ್ತದೆ. ಸದ್ಯಕ್ಕೆ ಬೇಸಿಗೆಯಲ್ಲಿ ಊಟ ಮುಗಿಸಿ ರಾತ್ರಿ ಒಂಬತ್ತರ ಮೇಲೆ ಆಡುತ್ತೇನೆ, ಅಷ್ಟೇ.