ಸಿಂಧನೂರು ಕ್ಯಾಂಪಿನ ಕಾಂತಾ ಹೊದಿಕೆ: ಕೊಟ್ಟ ಹಣಕ್ಕೆ ಮೋಸವಿಲ್ಲ

ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪೊಂದರ ಬಂಗಾಳಿ ಮಹಿಳೆಯರಿಂದ ಹೇಳಿ ಹೊಲಿಸಿದ ಕಾಂತಾ ಹೊದಿಕೆಯನ್ನು ಚಳಿಗಾಲವಿಡೀ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಪೂರ್ವ ಪಾಕಿಸ್ತಾನದ ಹಿಂಸಾಚಾರದಿಂದ ಮನೆಮಠ ತೊರೆದು ಬಂದ ಕುಟುಂಬಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಈ ಸೀಮೆಯಲ್ಲಿ ಸರ್ಕಾರ ಪುನರ್ವಸತಿ ಕಲ್ಪಿಸಿದ ಸಂಗತಿ ಇಲ್ಲಿನವರಿಗೆ ಗೊತ್ತಿರುವುದೇ. ಆದರೆ ಆ ಮರುಕದಿಂದ ಕೊಂಡು ಪೆಟ್ಟಿಗೆಯಲ್ಲಿ ಮಡಚಿಡುವ ಮಾಲು ಇದಲ್ಲ.

ನಮ್ಮ ಕೌದಿಯಂತೆ ಇದಕ್ಕೂ ಹಳೆಯ ಸೀರೆಯೇ ಬಂಡವಾಳ. ಕೌದಿಯಲ್ಲಿ ಬಣ್ಣಬಣ್ಣದ ತುಂಡುಗಳನ್ನು ಜೋಡಿಸಿದರೆ, ಕಾಂತಾದಲ್ಲಿ ಇಡೀ ಸೀರೆಗಳನ್ನೇ ಪದರವಾಗಿ ಹಾಸಿ, ಒತ್ತೊತ್ತಾದ ರನ್ನಿಂಗ್ ಸ್ಟಿಚ್ ಹಾಕುತ್ತಾರೆ; ಹಿಂದೆ ದಾರವನ್ನೂ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರು. ಹೊದಿಕೆ ಹಗುರವಾಗಿದೆ, ರಾಯಚೂರಿನ ಚಳಿಗೆ ಅಷ್ಟು ಸಾಕು, ಹಲವು ಸಲ ಒಗೆದರೂ ಅಂಚು ಬಿಚ್ಚಿಲ್ಲ. ಮೊದಲ ಒಗೆತದಲ್ಲಿ ಕೆಂಪು ದಾರ ಬಣ್ಣ ಬಿಟ್ಟದ್ದು ಮಾತ್ರ ಬೇಸರ ತರಿಸಿತು.

ನನಗೆ ಹೊಲಿಗೆಗಿಂತ ಹೆಚ್ಚು ಹಿಡಿಸಿದ್ದು ಅವರ ಆರ್ಡರ್ ಪುಸ್ತಕ. ಅಳತೆ, ಪದರಗಳ ಸಂಖ್ಯೆ, ಮುಂಗಡ, ಬಟ್ಟೆಯ ಬೆಲೆ, ದಾರದ ಬೆಲೆ, ಕೂಲಿ, ಎಲ್ಲವೂ ಬೇರೆಬೇರೆಯಾಗಿ ಕನ್ನಡದಲ್ಲಿ ದಾಖಲಾಗಿವೆ. ಅದನ್ನು ಬರೆಯುವ ಮಹಿಳೆ ಮನೆಯಲ್ಲಿ ಬಂಗಾಳಿ ಮಾತನಾಡುವವರು. ಮದುವೆಯಾಗಿ ಎಷ್ಟೋ ವರ್ಷಗಳ ನಂತರ, ಮಕ್ಕಳ ಕನ್ನಡ ಶಾಲೆಯ ಪಠ್ಯಪುಸ್ತಕ ಹಿಡಿದು ಅಕ್ಷರ ಕಲಿತವರು. ಮೊದಲು ಬಟ್ಟೆ ತಂದುಕೊಡುತ್ತಿದ್ದ ಮಧ್ಯವರ್ತಿ ಹೇಳಿದ್ದೇ ಕೂಲಿಯಾಗಿತ್ತು, ಇಲ್ಲವೆನ್ನಲು ತಮ್ಮ ಬಳಿ ಬರಹದ ಲೆಕ್ಕವಿರಲಿಲ್ಲ ಎಂದು ಅವರು ಹೇಳಿದರು. ವಲಸೆಯಲ್ಲಿ ಶಾಲೆ ತಪ್ಪಿದ ಹಿರಿಯರು ಇಂದಿಗೂ ಗೇಣಿನಲ್ಲೇ ಅಳೆಯುತ್ತಾರೆ. ಅವರ ಗೇಣನ್ನು ಇಂಚಿಗೆ ತಂದು ಬರೆದುಕೊಳ್ಳುವವರೂ ಇವರೇ. ನನ್ನ ಮಂಚದ ಅಳತೆಗೆ ಹೊದಿಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಬಿಲ್ ಹೀಗೆ ಬಿಡಿಸಿ ಕೈಗಿಟ್ಟಾಗ ಚೌಕಾಸಿ ಮಾಡಲು ನನಗಂತೂ ಬಾಯಿ ಬರಲಿಲ್ಲ.

ಹೇಳಿದ ದಿನಕ್ಕೆ ಮಾಲು ಸಿಗುವುದಿಲ್ಲ ಎಂಬುದು ದೊಡ್ಡ ಕೊರತೆ. ಕಾಲುವೆಗೆ ನೀರು ಬಿಟ್ಟರೆ ಹೊಲಿಯುವವರೆಲ್ಲ ಭತ್ತದ ನಾಟಿಗೆ ಹೋಗುತ್ತಾರೆ. ಜೊತೆಗೆ, 2019ರ ಪೌರತ್ವ ತಿದ್ದುಪಡಿ ಕಾಯ್ದೆಯಡಿ ಇಲ್ಲಿನ ಕೆಲವರಿಗೆ 2024ರಲ್ಲಿ ಪೌರತ್ವ ದೊರೆತ ಮೇಲೆ, ಉಳಿದವರು ತಮ್ಮ ಕಾಗದಪತ್ರಗಳನ್ನು ಓದಿಸಲು ಆ ಮಹಿಳೆಯ ಮನೆಗೇ ಬರುತ್ತಾರಂತೆ. ಆ ವಿಳಂಬದ ಬಗ್ಗೆ ದೂರು ಹೇಳುವುದು ನ್ಯಾಯವಲ್ಲ. ವಿನ್ಯಾಸಗಳ ಫೋಟೋ ಪುಸ್ತಕವೊಂದನ್ನು ಇಟ್ಟರೆ ಗಿರಾಕಿಗಳಿಗೆ ಆಯ್ಕೆ ಸುಲಭವಾದೀತು. ಬೇಕಾದವರು ನಾಟಿ ಮುಗಿದ ಮೇಲೆ ಆರ್ಡರ್ ಕೊಡಿ, ಬಣ್ಣ ಬಿಡದ ದಾರವೇ ಬೇಕೆಂದು ಪುಸ್ತಕದಲ್ಲಿ ಬರೆಸಿ.