ಮೂರು ಪುಸ್ತಕ, ಒಂದು ಮಡೋಕಾ

‘ಮಡೋಕಾ ಮ್ಯಾಜಿಕಾ’ ಎಂಬ ಜಪಾನಿ ಅನಿಮೆ ಸರಣಿ ನೋಡಿದವರು ಇಬ್ಬರು ಸೇರಿದರೆ ಹತ್ತು ನಿಮಿಷದೊಳಗೆ ಜರ್ಮನ್ ಕವಿ ಗಯಟೆಯ ‘ಫೌಸ್ಟ್’ ನಾಟಕದ ಮಾತು ಬಂದೇ ಬರುತ್ತದೆ. ಇವರಲ್ಲಿ ಫೌಸ್ಟ್ ಓದಿದವರು ಎಷ್ಟು ಜನ ಅಂತ ನನಗೆ ಯಾವಾಗಲೂ ಅನುಮಾನ. ನಾನಂತೂ ಓದಿರಲಿಲ್ಲ, ಸುಮ್ನೆ ತಲೆ ಆಡಿಸುತ್ತಿದ್ದೆ. ಈ ಬೇಸಿಗೆಯಲ್ಲಿ ಹಠ ಹಿಡಿದು ಕೂತೆ. ಅಭಿಮಾನಿಗಳು ಮೂಲ ಎಂದು ಹೇಳುವ ಮೂರು ಕಥೆ ಆರಿಸಿಕೊಂಡೆ. ಒಂದೊಂದನ್ನು ಓದಿ ಮುಗಿಸಿದ ಮೇಲೂ 12 ಕಂತನ್ನು ಮತ್ತೆ ನೋಡಿದೆ. ಯಾವುದು ಸರಿಯಾಗಿ ಕೂರುತ್ತದೆ, ಯಾವುದು ಕಳಚಿ ಬೀಳುತ್ತದೆ ನೋಡೋಣ ಅಂತ. ಮುಂದೆ ಕಥೆಯ ಗುಟ್ಟೆಲ್ಲ ಬಿಚ್ಚಿಟ್ಟಿದ್ದೇನೆ. ಇನ್ನೂ ನೋಡದವರು ಇಲ್ಲೇ ನಿಲ್ಲಿಸಿ.

ಮರೆತವರಿಗೆ ಎರಡು ಮಾತು. 2011ರ ಸರಣಿ, ಶಾಫ್ಟ್ ಸ್ಟುಡಿಯೋದ್ದು, ಬರೆದವರು ಗೆನ್ ಉರೊಬುಚಿ. ಕ್ಯೂಬೆ ಎಂಬ ಬೆಕ್ಕಿನಂಥ ಬಿಳಿ ಪ್ರಾಣಿ ಮಡೋಕಾ ಮತ್ತು ಅವಳ ಗೆಳತಿಯರಂಥ ಹುಡುಗಿಯರ ಒಂದು ಆಸೆ ತೀರಿಸುತ್ತದೆ. ಬದಲಿಗೆ ಅವರು ಮ್ಯಾಜಿಕಲ್ ಗರ್ಲ್ ಆಗಿ ಮಾಟಗಾತಿಯರ ಜೊತೆ ಹೋರಾಡಬೇಕು. ಆ ಮಾಟಗಾತಿಯರೆಲ್ಲ ಹಿಂದೆ ಇವರಂತೆಯೇ ಇದ್ದ ಹುಡುಗಿಯರು ಅನ್ನುವುದು ತಡವಾಗಿ ಗೊತ್ತಾಗುತ್ತದೆ.

ಮೊದಲು ಫೌಸ್ಟ್. ಗಯಟೆಯ ಈ ನಾಟಕದ ಮೊದಲ ಭಾಗ 1808ರಲ್ಲಿ ಬಂತು, ಎರಡನೆಯದು 1832ರಲ್ಲಿ. ಮೊದಲನೆಯದು ಓದಿಸಿಕೊಂಡು ಹೋಗುತ್ತದೆ. ಎರಡನೆಯದರಲ್ಲಿ ನಾನು ನಾಲ್ಕು ಸಲ ನಿದ್ದೆ ಹೋದೆ, ನಿಜ ಹೇಳಬೇಕಲ್ಲ. ಆದರೆ ಓದಿದ ಮೇಲೆ ಸರಣಿ ನೋಡಿದರೆ ಕಣ್ಣಿಗೆ ಹಬ್ಬ. ಮಾಟಗಾತಿಯರು ಅಡಗಿರುವ ಚಕ್ರವ್ಯೂಹದ ಗೋಡೆಗಳಲ್ಲಿ ಗೀಚಿದಂತೆ ಕಾಣುವ ವಿಚಿತ್ರ ಲಿಪಿ ಇದೆಯಲ್ಲ, ಅದನ್ನು ಅಭಿಮಾನಿಗಳು ಅಕ್ಷರಕ್ಕೆ ಅಕ್ಷರ ಕೂಡಿಸಿ ಬಿಡಿಸಿದ್ದರು. ಅದರಲ್ಲಿ ಫೌಸ್ಟ್‌ನ ಜರ್ಮನ್ ಸಾಲುಗಳೇ ಸಿಕ್ಕವು. ಕೊನೆಯ ದೊಡ್ಡ ಮಾಟಗಾತಿಯ ಹೆಸರು ವಾಲ್ಪುರ್ಗಿಸ್ನಾಖ್ಟ್. ನಾಟಕದಲ್ಲಿ ಅದು ಏಪ್ರಿಲ್ 30ರ ರಾತ್ರಿ, ಬ್ರೋಕನ್ ಬೆಟ್ಟದ ಮೇಲೆ ಮಾಟಗಾತಿಯರೆಲ್ಲ ಸೇರುವ ಹೊತ್ತು. ಸರಣಿ ಬಂದ 2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪವಾಗಿ ಕೊನೆಯ ಎರಡು ಕಂತು ಮುಂದಕ್ಕೆ ಹೋದವು, ಏಪ್ರಿಲ್ 21ರ ತಡರಾತ್ರಿ ಬಂದವು. ಇನ್ನೊಂದು ಒಂಬತ್ತು ದಿನ ತಡವಾಗಿದ್ದರೆ ನಮ್ಮವರು ಅದಕ್ಕೂ ಒಂದು ಥಿಯರಿ ಕಟ್ಟುತ್ತಿದ್ದರು ಬಿಡಿ.

ಹೆಸರುಗಳನ್ನು ಬಿಟ್ಟರೂ ಒಂದು ಜಾಗದಲ್ಲಿ ಫೌಸ್ಟ್ ಅಚ್ಚುಕಟ್ಟಾಗಿ ಕೂರುತ್ತದೆ. ‘ಈ ಕ್ಷಣವೇ, ನಿಲ್ಲು, ಎಷ್ಟು ಚೆನ್ನಾಗಿದ್ದೀಯ’ ಅಂತ ಯಾವತ್ತು ಹೇಳುತ್ತೇನೋ ಅವತ್ತು ನಾನು ಸೋತ ಹಾಗೆ, ಇದು ಸೈತಾನನ ಜೊತೆ ಫೌಸ್ಟ್ ಕಟ್ಟಿದ ಪಂಥ. ಮಡೋಕಾಳನ್ನು ಉಳಿಸಲು ಹೊರಟ ಹೋಮುರಾಳ ಮಂತ್ರಶಕ್ತಿ ಯಾವುದು? ಕಾಲವನ್ನು ನಿಲ್ಲಿಸುವುದು! ಒಂದೇ ತಿಂಗಳಿಗೆ ಮತ್ತೆ ಮತ್ತೆ ವಾಪಸ್ ಹೋಗಿ ಮಡೋಕಾಳನ್ನು ಹಿಡಿದುಕೊಳ್ಳಲು ನೋಡುವುದು. ನಾಟಕದ ಕೊನೆಯಲ್ಲಿ ಫೌಸ್ಟ್‌ನ ಪರವಾಗಿ ಮೇಲಿನಿಂದ ಬೇಡಿಕೊಳ್ಳುವವಳು ಅವನೇ ಹಾಳು ಮಾಡಿದ ಗ್ರೆಚೆನ್. ಮಡೋಕಾ ಮಾಟಗಾತಿಯಾದರೆ ಬರುವ ಹೆಸರೂ ಕ್ರೀಮ್‌ಹಿಲ್ಡ್ ಗ್ರೆಚೆನ್. ಹತ್ತನೇ ಕಂತನ್ನು ಇದನ್ನೆಲ್ಲ ಇಟ್ಟುಕೊಂಡು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಕಳಚುವುದು ಕರಾರಿನ ಹತ್ತಿರ. ಫೌಸ್ಟ್ ಓದಿ ಓದಿ ಬೇಸತ್ತ ವಿದ್ವಾಂಸ. ಎದುರಿಗಿರುವವನು ಸೈತಾನ ಅಂತ ಗೊತ್ತಿದ್ದೇ ರಕ್ತದಲ್ಲಿ ರುಜು ಹಾಕುತ್ತಾನೆ. ಇಲ್ಲಿರುವುದು ಎಂಟನೇ ಕ್ಲಾಸಿನ ಮಕ್ಕಳು.

ಎರಡನೆಯದು ಆಂಡರ್ಸನ್ನನ ಮತ್ಸ್ಯಕನ್ಯೆಯ ಕಥೆ, 1837ರದ್ದು. ಒಂದೇ ಸಂಜೆಗೆ ಮುಗಿಯಿತು, ಆದರೆ ಮೂರರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಇದೇ. ಮಡೋಕಾಳ ಗೆಳತಿ ಸಯಾಕಾ ಮಾಟಗಾತಿಯಾದಾಗ ಮೀನಿನ ಬಾಲ ಬರುತ್ತದೆ, ಅಷ್ಟರಿಂದಲೇ ಎಲ್ಲರೂ ಈ ಕಥೆ ಎತ್ತುತ್ತಾರೆ. ಹೋಲಿಕೆ ಅಲ್ಲಿಗೆ ಮುಗಿಯಲ್ಲ. ತನ್ನನ್ನು ನೀರಿನಿಂದ ಎತ್ತಿದವಳು ಯಾರೆಂದು ರಾಜಕುಮಾರನಿಗೆ ಗೊತ್ತೇ ಇಲ್ಲ. ತನ್ನ ಕೈ ವಾಸಿಮಾಡಿದ್ದು ಯಾರೆಂದು ಸಯಾಕಾ ಪ್ರೀತಿಸುವ, ಪಿಟೀಲು ಬಾರಿಸುವ ಕ್ಯೋಸುಕೆಗೂ ಗೊತ್ತಿಲ್ಲ. ಮತ್ಸ್ಯಕನ್ಯೆ ದನಿ ಕೊಟ್ಟು ಮೂಗಿಯಾದಳು. ಸಯಾಕಾಗೆ ದನಿ ಇದೆ, ಗೆಳತಿ ಹಿತೋಮಿ ‘ನೀನೇ ಮೊದಲು ಹೇಳು’ ಅಂತ ಒಂದು ದಿನ ಬಿಟ್ಟೂ ಕೊಡುತ್ತಾಳೆ. ಆದರೂ ಬಾಯಿ ಬರಲ್ಲ. ಕರಾರಿನ ಬೆಲೆಯಾಗಿ ಆತ್ಮವನ್ನು ಕಿತ್ತು ಒಂದು ಕಲ್ಲಿನೊಳಗೆ ಇಟ್ಟುಕೊಂಡಿರುವ ಈ ಮೈಯನ್ನು ಅಪ್ಪಿಕೋ ಅಂತ ಯಾವ ಮುಖ ಇಟ್ಟುಕೊಂಡು ಕೇಳಲಿ ಅಂತ ಅಳುತ್ತಾಳೆ. ಮತ್ಸ್ಯಕನ್ಯೆ ಹಂಬಲಿಸಿದ್ದೇ ಆತ್ಮಕ್ಕಾಗಿ.

ಒಂದು ದೃಶ್ಯವನ್ನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಏಳನೇ ಕಂತು, ನೆರಳಿನಂಥ ಮಾಟಗಾತಿಯ ಜೊತೆ ಕಾಳಗ. ಮೈತುಂಬ ಏಟು ಬೀಳುತ್ತಿದ್ದರೂ ಸಯಾಕಾ ನಗುತ್ತಾಳೆ. ಮನಸ್ಸು ಮಾಡಿದರೆ ನೋವನ್ನೇ ಅಳಿಸಿಬಿಡಬಹುದು ಅಂತ ಅವಳಿಗೆ ಆಗಷ್ಟೇ ಗೊತ್ತಾಗಿದೆ. ಆಂಡರ್ಸನ್ನನ ಹುಡುಗಿಗೆ ಒಂದೊಂದು ಹೆಜ್ಜೆಯೂ ಚೂರಿಯ ಮೇಲೆ ಇಟ್ಟ ಹಾಗೆ. ಆ ನೋವನ್ನೆಲ್ಲ ಅನುಭವಿಸಿ, ಕೈಗೆ ಚೂರಿ ಕೊಟ್ಟರೂ ರಾಜಕುಮಾರನನ್ನು ಕೊಲ್ಲದೆ ಎಸೆಯುತ್ತಾಳೆ. ಇವಳು ನೋವು ಬಿಟ್ಟಳು, ಮರುಕಂತಿನಲ್ಲೇ ಮಾಟಗಾತಿಯಾದಳು. ಇದು ಬರೀ ಪ್ರಭಾವ ಅಲ್ಲ, ಹಳೆಯ ಕಥೆಗೆ ಕೊಟ್ಟ ಉತ್ತರ ಅನ್ನಿಸಿತು ನನಗೆ. ಆದರೆ ಮಡೋಕಾ, ಹೋಮುರಾ ಇಬ್ಬರೂ ಈ ಕಥೆಯ ಹೊರಗೇ ಉಳಿಯುತ್ತಾರೆ, ಅದು ಇದರ ದೊಡ್ಡ ಕೊರತೆ.

ಮೂರನೆಯದು ‘ಮಂಕೀಸ್ ಪಾ’, 1902ರ ಇಂಗ್ಲಿಷ್ ಸಣ್ಣಕಥೆ. ಕಾಫಿ ಆರುವುದರೊಳಗೆ ಓದಿ ಮುಗಿಸಬಹುದು. ಮೂರು ವರ ಕೊಡುವ ಮಂಗನ ಪಂಜ. 200 ಪೌಂಡ್ ಕೇಳಿದರೆ ಮಗ ಯಂತ್ರಕ್ಕೆ ಸಿಕ್ಕಿ ಸತ್ತು, ಪರಿಹಾರವಾಗಿ ಅದೇ 200 ಪೌಂಡ್ ಬರುತ್ತದೆ. ಪಂಜಕ್ಕೆ ಮಂತ್ರ ಹಾಕಿದವನು ಭಾರತದ ಒಬ್ಬ ಫಕೀರನಂತೆ, ಎಲ್ಲ ಅನಿಷ್ಟಕ್ಕೂ ನಾವೇ! ಇನ್ನೊಬ್ಬ ಮ್ಯಾಜಿಕಲ್ ಗರ್ಲ್ ಕ್ಯೋಕೋಳ ಪಾಲಿಗೆ ಇದು ಕರಾರುವಾಕ್ಕಾಗಿ ಹೊಂದುತ್ತದೆ. ಅಪ್ಪನ ಉಪದೇಶವನ್ನು ಜನ ಕೇಳಲಿ ಅಂತ ಬೇಡಿಕೊಂಡಳು, ಕೇಳಿದರು. ಅಪ್ಪನಿಗೆ ಗುಟ್ಟು ಗೊತ್ತಾಗಿ ಮನೆಯವರನ್ನೆಲ್ಲ ಕೊಂದು ತಾನೂ ಸತ್ತ. ಅದರಾಚೆ ಈ ಪುಸ್ತಕದ ಕೈ ಚಾಚಲ್ಲ. ಮಾಟಗಾತಿಯರು ಹುಟ್ಟುವ ಮೊದಲೇ ಇಲ್ಲವಾಗಲಿ ಅಂತ ಮಡೋಕಾ ಕೇಳುವ ಕೊನೆಯ ವರ ಹೇಳಿದ ಹಾಗೇ ನಡೆಯುತ್ತದೆ, ಅದು ತಿರುಗಿ ಕಚ್ಚಲ್ಲ.

ಒಂದೇ ಆರಿಸು ಅಂದರೆ ನಾನು ಮತ್ಸ್ಯಕನ್ಯೆಯನ್ನೇ ಆರಿಸುತ್ತೇನೆ. ಆದರೆ ಮೂರನ್ನೂ ಓದಿದ ಮೇಲೆ ಒಂದು ವಿಷಯ ಕಣ್ಣಿಗೆ ಬಿತ್ತು. ಮೂರರಲ್ಲೂ ಮೊದಲೇ ಎಚ್ಚರಿಕೆ ಇದೆ. ಸೈತಾನ ತನ್ನ ಷರತ್ತು ಹೇಳುತ್ತಾನೆ. ಸಮುದ್ರದ ಮಾಟಗಾತಿ ನೋವು, ನಾಲಿಗೆ, ಸಾವು, ಎಲ್ಲದರ ಲೆಕ್ಕ ಕೊಡುತ್ತಾಳೆ. ಪಂಜ ತಂದ ಸೈನಿಕ ಅದನ್ನು ಬೆಂಕಿಗೇ ಎಸೆಯುತ್ತಾನೆ. ಕ್ಯೂಬೆ ಮಾತ್ರ ಏನೂ ಹೇಳಲ್ಲ. ಯಾಕೆ ಹೇಳಲಿಲ್ಲ ಅಂದರೆ, ‘ನೀವು ಕೇಳಲಿಲ್ಲವಲ್ಲ’.

ಮೂರನೇ ಸಲ ನೋಡುವಾಗ ಅಕ್ಕನ ಮಗಳು ಪಕ್ಕದಲ್ಲಿ ಬಂದು ಕೂತಿದ್ದಳು. ಅವಳೂ ಎಂಟನೇ ಕ್ಲಾಸೇ. ನಾನು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರೆ ಅವಳು ಚಕ್ಕುಲಿ ತಿನ್ನುತ್ತಾ, ‘ಚಿಕ್ಕಮ್ಮಾ, ಮಾತಾಡುವಾಗ ಈ ಕ್ಯೂಬೆಯ ಬಾಯೇ ಆಡಲ್ಲ ನೋಡು’ ಅಂದಳು. ಇಬ್ಬರೂ ಮೊದಲ ಕಂತಿಗೆ ವಾಪಸ್ ಹೋಗಿ ನೋಡಿದೆವು. ಅಲ್ಲೂ ಆಡಲ್ಲ.